ಪರ್ಸನಲ್ ಟ್ರೇನರ್‌ಗೆ ಮೂರು ತಿಂಗಳಿಗೆ ಮೂವತ್ತಾರು ಸಾವಿರ: ಕೊಡಬಹುದೇ?

ಕುವೆಂಪುನಗರದ ಟೀಚರ್ · ಜನವರಿ 11

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ಮೈಸೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ದಸರಾ ರಜೆಯಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಮಟ್ಟ, 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು ಎಂದು ಡಾಕ್ಟರು ತಿಳಿಸಿ ಹೇಳಿದರು. ಮಾತ್ರೆ ಬರೆಯಲಿಲ್ಲ. ನಡಿಗೆಯ ಜೊತೆಗೆ ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮವನ್ನೂ ಸೇರಿಸಿ ಎಂದರು.

ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಆ ಗಾಯದ ಪಟ್ಟಿಯನ್ನು ದಿನವೂ ಬದಲಾಯಿಸಿದವಳು ನಾನು. ಆದ್ದರಿಂದ ಡಾಕ್ಟರ ಮಾತನ್ನು ತಳ್ಳಿಹಾಕುವ ಪ್ರಶ್ನೆಯೇ ಇಲ್ಲ. ಆದರೂ ನಾಳೆ ನಾಳೆ ಎನ್ನುತ್ತಾ ಮೂರು ತಿಂಗಳು ಕಳೆದೆ. ಹೋದ ವಾರ ಧೈರ್ಯ ಮಾಡಿ ಮನೆಯ ಹತ್ತಿರದ ಜಿಮ್‌ಗೆ ಹೋದೆ. ಸದಸ್ಯತ್ವ ತಿಂಗಳಿಗೆ 1,800 ರೂಪಾಯಿ. ಅದು ಸರಿ. ಆದರೆ ಕೌಂಟರಿನಲ್ಲಿದ್ದ ಹುಡುಗ, ‘ಮೇಡಂ, ಈ ವಯಸ್ಸಿನಲ್ಲಿ ಪಿ.ಟಿ. ತೆಗೆದುಕೊಳ್ಳದೆ ಮಾಡಿದರೆ ಬೆನ್ನು ಹೋಗುತ್ತದೆ’ ಎಂದು ಒಂದು ಚೀಟಿ ಬರೆದುಕೊಟ್ಟ. ಪರ್ಸನಲ್ ಟ್ರೇನಿಂಗ್, 36 ಸೆಷನ್, ಸೆಷನ್‌ಗೆ 1,000. ಜಿಎಸ್‌ಟಿ ಶೇ 18 ಸೇರಿ 42,480. ಭಾನುವಾರದೊಳಗೆ ಪೂರ್ತಿ ಕಟ್ಟಿದರೆ ಒಂದು ತಿಂಗಳ ಸದಸ್ಯತ್ವ ಉಚಿತವಂತೆ.

ಮಗಳು ದ್ವಿತೀಯ ಪಿಯುಸಿ. ಜೂನ್ ಬಂದರೆ ಕಾಲೇಜಿನ ಫೀಸು ಎದುರಿಗಿದೆ. ಮನೆಯವರು ‘ಆರೋಗ್ಯಕ್ಕಲ್ಲವೇ, ಕಟ್ಟಿಬಿಡು’ ಎನ್ನುತ್ತಾರೆ. ನನಗೇ ಕೈ ಬರುತ್ತಿಲ್ಲ. ಇನ್ನೊಂದು ಭಯವನ್ನೂ ಹೇಳಿಬಿಡುತ್ತೇನೆ. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೂ 46. ಜಿಮ್ಮಿನ ಹೆಸರೆತ್ತಿದರೆ ನಮ್ಮ ಮನೆಯಲ್ಲಿ ಇಂದಿಗೂ ಆ ದಿನದ ಮಾತು ಬರುತ್ತದೆ. ಪಕ್ಕದಲ್ಲಿ ಟ್ರೇನರ್ ಇದ್ದರೆ ಆ ಭಯ ಕಡಿಮೆಯಾಗುತ್ತದೆಯೇ? ಹಣ ಕೊಟ್ಟು ಕಲಿತವರು, ಕೊಡದೆ ಕಲಿತವರು ಇಬ್ಬರೂ ಹೇಳಿ.

ಲೆಕ್ಕದವನು · ಜನವರಿ 11

ಮೇಡಂ, ಟ್ರೇನರ್ ಬೇಕೋ ಬೇಡವೋ ಎನ್ನುವುದನ್ನು ಬಲ್ಲವರು ಹೇಳಲಿ. ನಾನು ತೆರಿಗೆ ಸಲಹೆಗಾರ, ನಿಮ್ಮ ಚೀಟಿಯ ಬಗ್ಗೆ ಮಾತ್ರ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಜಿಮ್, ಯೋಗ ಕೇಂದ್ರ, ಸಲೂನ್ ಸೇವೆಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. 36,000ಕ್ಕೆ ತೆರಿಗೆ 1,800; ಒಟ್ಟು 37,800 ಆಗಬೇಕು. ನಿಮ್ಮ ಚೀಟಿಯಲ್ಲಿ 4,680 ರೂಪಾಯಿ ಹೆಚ್ಚಿದೆ. ಹೊಸ ದರದಲ್ಲಿ ಜಿಮ್‌ನವರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ತಾವು ಕೊಂಡದ್ದಕ್ಕೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲವಾದ್ದರಿಂದ ಕೆಲವರು ಮೂಲ ದರವನ್ನೇ ಏರಿಸಿರಬಹುದು. ಅದು ಅವರ ವ್ಯಾಪಾರ. ಆದರೆ ಶೇ 18 ಎಂದು ಬರೆದು ವಸೂಲಿ ಮಾಡುವಂತಿಲ್ಲ. ಚೀಟಿಗೆ ಹಣ ಕೊಡಬೇಡಿ, ಜಿಎಸ್‌ಟಿ ನೋಂದಣಿ ಸಂಖ್ಯೆ ಇರುವ ಬಿಲ್ ಕೇಳಿ.

ರಾತ್ರಿ ಪಾಳಿ · ಜನವರಿ 11

ಕೊಡಿ ಎನ್ನುವ ಪಕ್ಷದವನು ನಾನು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಅಮೆರಿಕದ ಸಮಯಕ್ಕೆ ಹೊಂದಿಕೊಂಡ ಬದುಕು. ಮೂರು ಬಾರಿ ವರ್ಷದ ಸದಸ್ಯತ್ವ ಕಟ್ಟಿ, ಮೂರು ಬಾರಿಯೂ ಎರಡನೆಯ ತಿಂಗಳಿಗೆ ನಿಲ್ಲಿಸಿದೆ. ನಾಲ್ಕನೆಯ ಬಾರಿ ಟ್ರೇನರ್ ಇಟ್ಟುಕೊಂಡೆ. ಈಗ ಎರಡು ವರ್ಷವಾಯಿತು, ತಿಂಗಳಿಗೆ ಹತ್ತು ಸಾವಿರ ಕೊಡುತ್ತಿದ್ದೇನೆ. ಅವರು ಕಲಿಸುವುದೆಲ್ಲ ನನಗೆ ಆಗಲೇ ಬರುತ್ತದೆ. ಆದರೂ ಸಂಜೆ ನಾಲ್ಕಕ್ಕೆ ಒಬ್ಬ ಮನುಷ್ಯ ನನಗಾಗಿ ಕಾಯುತ್ತಿರುತ್ತಾನೆ ಎನ್ನುವುದೇ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತದೆ. ನನ್ನ ರಕ್ತದೊತ್ತಡ ಹತೋಟಿಗೆ ಬಂದಿದೆ. ಆ ಹಣದ ಬಗ್ಗೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ಹೊಸಕೆರೆಹಳ್ಳಿ · ಜನವರಿ 12

ಒಂದೇ ಬಾರಿಗೆ ಪೂರ್ತಿ ಹಣ ಮಾತ್ರ ಕಟ್ಟಬೇಡಿ ಮೇಡಂ. ನಾನು ಒಂದು ವರ್ಷದ ಸದಸ್ಯತ್ವ ಮತ್ತು 24 ಸೆಷನ್‌ಗೆ ಸೇರಿಸಿ ಕಟ್ಟಿದ್ದೆ. ಒಂಬತ್ತು ಸೆಷನ್ ಆಗುವಷ್ಟರಲ್ಲಿ ಒಂದು ಬೆಳಿಗ್ಗೆ ಷಟರಿಗೆ ಬೀಗ. ಒಳಗಿನ ಟ್ರೆಡ್‌ಮಿಲ್‌ಗಳನ್ನು ರಾತ್ರೋರಾತ್ರಿ ಸಾಗಿಸಿದ್ದರು. ನಮ್ಮ ಟ್ರೇನರ್ ಕೂಡ ನಮ್ಮೊಂದಿಗೆ ಬೀದಿಯಲ್ಲಿ ನಿಂತಿದ್ದ, ಅವನಿಗೂ ಎರಡು ತಿಂಗಳ ಸಂಬಳ ಬಾಕಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆವು, ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದೆವು. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ನನ್ನ ಕೈಯಲ್ಲಿ ರಸೀದಿ ಇದ್ದುದರಿಂದ ದೂರು ನಿಂತಿತು. ನಗದು ಕೊಟ್ಟು ಬರೀ ವಾಟ್ಸ್ಆ್ಯಪ್ ಸಂದೇಶ ಇಟ್ಟುಕೊಂಡಿದ್ದವರು ಬಹಳ ಪರದಾಡಿದರು.

ಹುಬ್ಬಳ್ಳಿ ಟ್ರೇನರ್ · ಜನವರಿ 12

ಅಕ್ಕನವರೇ, ನಾನು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಒಳಗಿನ ಸಂಗತಿಯನ್ನು ಹೇಳುತ್ತೇನೆ.

ಕೌಂಟರಿನ ಹುಡುಗ ‘ಬೆನ್ನು ಹೋಗುತ್ತದೆ’ ಎಂದದ್ದು ನಿಮ್ಮ ಬೆನ್ನನ್ನು ನೋಡಿ ಅಲ್ಲ. ಅವನಿಗೆ ತಿಂಗಳ ಟಾರ್ಗೆಟ್ ಇರುತ್ತದೆ. ನಾನು ಕೆಲಸ ಮಾಡಿದ ಮೂರು ಜಿಮ್‌ಗಳಲ್ಲಿಯೂ ಪಿ.ಟಿ. ಹಣದಲ್ಲಿ ಅರ್ಧ ಜಿಮ್‌ಗೆ, ಅರ್ಧ ಟ್ರೇನರ್‌ಗೆ ಹೋಗುತ್ತಿತ್ತು. ಸಂಬಳ ಹದಿನಾಲ್ಕು ಸಾವಿರ. ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ಆ ಅರ್ಧದಲ್ಲಿ ನಡೆಯಬೇಕು. ಹಾಗಾಗಿ ಆರು ತಿಂಗಳಿಗೆ ಕಲಿತು ಹೊರಡಬೇಕಾದವರನ್ನು ಎರಡು ವರ್ಷ ಹಿಡಿದಿಟ್ಟುಕೊಳ್ಳುವ ಆಸೆ ಯಾರಿಗಾದರೂ ಬರುತ್ತದೆ. ನನಗೂ ಬಂದಿತ್ತು. ದಿನಕ್ಕೊಂದು ಹೊಸ ವ್ಯಾಯಾಮ ಮಾಡಿಸಿದರೆ ಜನ ಖುಷಿಪಡುತ್ತಾರೆ, ಆದರೆ ಯಾವುದನ್ನೂ ಸ್ವಂತವಾಗಿ ಮಾಡಲು ಕಲಿಯುವುದಿಲ್ಲ. ಹೀಗೆ ಹಿಡಿದಿಟ್ಟುಕೊಂಡಿದ್ದ ಒಬ್ಬ ಹಿರಿಯರು, ನಾನು ಹದಿನೈದು ದಿನ ಜ್ವರದಿಂದ ಮಲಗಿದ್ದಾಗ, ಒಂದೂವರೆ ವರ್ಷ ಕಲಿತ ಮೇಲೂ ಒಬ್ಬರೇ ಜಿಮ್‌ಗೆ ಹೋಗಲು ಹೆದರಿ ಮನೆಯಲ್ಲೇ ಕುಳಿತಿದ್ದರು. ಅದು ನನ್ನನ್ನು ಬಹಳ ಕಾಡಿತು. ಅಂದಿನಿಂದ ನನ್ನ ಪದ್ಧತಿ ಬದಲಾಯಿತು.

ಹಾಗೆಂದು ಟ್ರೇನರ್ ದಂಡ ಎನ್ನುವುದೂ ತಪ್ಪು. 2000ದಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಎರಡು ಗುಂಪಿಗೆ ಒಂದೇ ವ್ಯಾಯಾಮದ ಪಟ್ಟಿ ಕೊಟ್ಟು 12 ವಾರ ಮಾಡಿಸಿದರು. ಒಂದು ಗುಂಪಿನ ಜೊತೆ ತರಬೇತುದಾರರಿದ್ದರು, ಇನ್ನೊಂದು ಗುಂಪು ತಾನೇ ಮಾಡಿಕೊಂಡಿತು. ಜೊತೆಯಲ್ಲಿ ಒಬ್ಬರಿದ್ದ ಗುಂಪಿಗೆ ಹೆಚ್ಚು ಶಕ್ತಿ ಬಂತು. ಪಟ್ಟಿ ಒಂದೇ ಆದರೂ ಆ ಗುಂಪಿನವರು ತೂಕವನ್ನು ಬೇಗ ಬೇಗ ಏರಿಸುತ್ತಾ ಹೋಗಿದ್ದರು. ಒಬ್ಬರೇ ಮಾಡುವವರು ಐದು ಕೆ.ಜಿ. ಡಂಬೆಲಿಗೆ ಅಂಟಿಕೊಂಡು ವರ್ಷ ಕಳೆಯುವುದನ್ನು ನಾನು ದಿನವೂ ಕಾಣುತ್ತೇನೆ.

ನೀವು ಹಣ ಕೊಡುವುದು ನೋಡುವ ಕಣ್ಣಿಗೆ. ಆ ಕಣ್ಣು ನಿಜವಾಗಿಯೂ ಇದೆಯೇ ಎಂದು ಹಣ ಕೊಡುವ ಮೊದಲು ನೀವೇ ನೋಡಬಹುದು. ಒಂದು ತಿಂಗಳ ಸದಸ್ಯತ್ವ ಮಾತ್ರ ಕಟ್ಟಿ. ಒಂದು ವಾರ ಟ್ರೆಡ್‌ಮಿಲ್ ಮೇಲೆ ನಿಧಾನವಾಗಿ ನಡೆಯುತ್ತಾ ಟ್ರೇನರ್‌ಗಳನ್ನು ಗಮನಿಸಿ. ಎದುರಿಗಿರುವವರು ಸ್ಕ್ವಾಟ್ (ಬಸ್ಕಿಯಂತೆ ಕೂತು ಏಳುವುದು) ಮಾಡುವಾಗ ಅವರ ಕಣ್ಣು ಎಲ್ಲಿದೆ? ಮೊಬೈಲಿನಲ್ಲಿದ್ದು ಬಾಯಿ ಮಾತ್ರ ‘ಎಂಟು, ಒಂಬತ್ತು’ ಎನ್ನುತ್ತಿದ್ದರೆ ಆ ಎಣಿಕೆಗೆ ಸಾವಿರ ರೂಪಾಯಿ ಕೊಡಬೇಕಿಲ್ಲ. ಹಿಮ್ಮಡಿ ಏಳುತ್ತಿದೆಯೇ, ಮಂಡಿ ಒಳಗೆ ವಾಲುತ್ತಿದೆಯೇ, ಮುಖ ಬಿಳಿಚಿಕೊಳ್ಳುತ್ತಿದೆಯೇ ಎಂದು ನೋಡುವವರು ಬೇರೆಯೇ ಕಾಣಿಸುತ್ತಾರೆ.

ಸರ್ಟಿಫಿಕೇಟ್ ಕೇಳಿ, ನಾಚಿಕೆಪಡಬೇಡಿ. ಎಸಿಇ, ಎನ್‌ಎಎಸ್‌ಎಂ, ಎಸಿಎಸ್‌ಎಂ ಇವೆಲ್ಲ ಅಮೆರಿಕದ ಸಂಸ್ಥೆಗಳ ಸರ್ಟಿಫಿಕೇಟ್, ಪರೀಕ್ಷೆ ಬರೆದು ಪಡೆಯುವಂಥವು. ಜೀವರಕ್ಷಣೆಯ ಸಿಪಿಆರ್ ತರಬೇತಿ ಆಗಿದೆಯೇ ಎಂದೂ ಕೇಳಿ. ನಮ್ಮ ದೇಶದಲ್ಲಿ ಟ್ರೇನರ್ ಎಂದು ಹೇಳಿಕೊಳ್ಳಲು ವೈದ್ಯರಿಗಿರುವಂತೆ ನೋಂದಣಿಯ ಕಟ್ಟುಪಾಡಿಲ್ಲ. ತೋಳು ದಪ್ಪವಿದ್ದರೆ ಸಾಕು, ಟೀ ಶರ್ಟ್ ಕೊಟ್ಟು ನಿಲ್ಲಿಸುತ್ತಾರೆ.

ಕುವೆಂಪುನಗರದ ಟೀಚರ್ · ಜನವರಿ 12

ಹುಬ್ಬಳ್ಳಿಯ ತಮ್ಮನಿಗೆ ಕೈಮುಗಿಯುತ್ತೇನೆ. ನಿಮ್ಮ ವೃತ್ತಿಯ ಒಳಮಾತನ್ನು ಇಷ್ಟು ನೇರವಾಗಿ ಹೇಳಿದ್ದೀರಿ. ಒಂದು ಪ್ರಶ್ನೆ. ಅಲ್ಲಿರುವ ಟ್ರೇನರ್‌ಗಳಲ್ಲಿ ಹೆಚ್ಚಿನವರು ಗಂಡುಮಕ್ಕಳು. ಭಂಗಿ ತಿದ್ದುವಾಗ ಬೆನ್ನು, ಸೊಂಟ ಮುಟ್ಟುವುದನ್ನು ಕಂಡೆ. ನನಗೆ ಅದು ಹಿಡಿಸಲಿಲ್ಲ. ಹಾಗೆ ಮುಟ್ಟಲೇಬೇಕೇ?

ಹುಬ್ಬಳ್ಳಿ ಟ್ರೇನರ್ · ಜನವರಿ 12

ಮುಟ್ಟಲೇಬೇಕಿಲ್ಲ ಅಕ್ಕನವರೇ. ಮುಟ್ಟುವ ಮೊದಲು ಕೇಳಲೇಬೇಕು, ನೀವು ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಡೆಡ್‌ಲಿಫ್ಟ್‌ಗೆ, ಅಂದರೆ ನೆಲದಿಂದ ತೂಕ ಎತ್ತುವುದಕ್ಕೆ, ಬಗ್ಗುವುದನ್ನು ನಾನು ಕೋಲಿನಿಂದ ಕಲಿಸುತ್ತೇನೆ. ಮನೆಯಲ್ಲಿ ನೆಲ ಒರೆಸುವ ಮಾಪಿನ ಕೋಲೇ ಸಾಕು. ಕೋಲನ್ನು ಬೆನ್ನಿನ ಮೇಲೆ ಉದ್ದಕ್ಕೆ ಹಿಡಿಯಿರಿ. ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಸೊಂಟದ ಹಿಂದೆ. ತಲೆಯ ಹಿಂಭಾಗ, ಭುಜಗಳ ನಡುವಿನ ಬೆನ್ನು, ಬಾಲಮೂಳೆ ಈ ಮೂರಕ್ಕೂ ಕೋಲು ತಾಗಿರಬೇಕು. ಮಂಡಿಯನ್ನು ಸ್ವಲ್ಪ ಸಡಿಲಿಸಿ, ಹಿಂದಿರುವ ಬಾಗಿಲನ್ನು ಪೃಷ್ಠದಿಂದ ತಳ್ಳುವಂತೆ ಹಿಂದಕ್ಕೆ ಸರಿಯುತ್ತಾ ಬಗ್ಗಿ. ಮೂರರಲ್ಲಿ ಒಂದು ಜಾಗ ಬಿಟ್ಟುಕೊಂಡರೂ ಕೋಲು ನಿಮಗೇ ಹೇಳುತ್ತದೆ. ಹತ್ತು ಬಾರಿ ಮಾಡಿ ನೋಡಿ. ತೊಡೆಯ ಹಿಂಭಾಗ ಎಳೆಯಬೇಕು, ಕೆಳಬೆನ್ನು ನೋಯಬಾರದು.

ಕರಾವಳಿ ಫಿಸಿಯೋ · ಜನವರಿ 13

ಕೋಲಿನ ವಿಧಾನ ಚೆನ್ನಾಗಿದೆ, ನಮ್ಮ ಕ್ಲಿನಿಕ್ಕಿನಲ್ಲಿಯೂ ಬಳಸುತ್ತೇವೆ.

ಮೇಡಂ, ನಿಮ್ಮ ಹೃದಯದ ಭಯಕ್ಕೆ ಉತ್ತರ ಟ್ರೇನರ್ ಬಳಿ ಇಲ್ಲ. ಟ್ರೇನರ್ ಕಣ್ಣಿಗೆ ಮಂಡಿ ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ. ಪುನೀತ್ ಅವರ ನಿಧನದ ನಂತರ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದಿದ್ದರು. ಆ ಗಾಬರಿಯಿಂದಲೂ ಒಂದು ಒಳ್ಳೆಯದಾಯಿತು, ಎಷ್ಟೋ ಜನ ಮೊದಲ ಬಾರಿಗೆ ತಮ್ಮ ರಕ್ತದೊತ್ತಡ ಎಷ್ಟೆಂದು ತಿಳಿದುಕೊಂಡರು. ನೀವು ಮಾಡಬೇಕಾದದ್ದೂ ಅದೇ. ನಡೆಯುವಾಗ ಎದೆ ಹಿಡಿದಂತಾಗುತ್ತದೆಯೇ, ತಲೆ ಸುತ್ತಿ ಬಿದ್ದದ್ದಿದೆಯೇ, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದೆಯೇ, ಇಷ್ಟನ್ನು ನಿಮ್ಮ ಡಾಕ್ಟರ ಮುಂದೆ ಬಿಚ್ಚಿ ಹೇಳಿ ಒಪ್ಪಿಗೆ ಪಡೆಯಿರಿ. ವ್ಯಾಯಾಮ ಶುರುಮಾಡುವ ಮುನ್ನ ಕೇಳಲು ಪಾರ್-ಕ್ಯೂ ಎಂಬ ಏಳು ಪ್ರಶ್ನೆಗಳ ಪಟ್ಟಿಯೇ ಇದೆ. ಅದನ್ನು ಕೇಳದೆ ಮೊದಲ ದಿನವೇ ತೂಕ ಕೈಗಿಡುವ ಟ್ರೇನರ್ ಎಷ್ಟು ಅಗ್ಗವಾದರೂ ಬೇಡ.

ಎತ್ತುವಾಗ ಉಸಿರು ಕಟ್ಟಬೇಡಿ, ರಕ್ತದೊತ್ತಡ ತಟ್ಟನೆ ಏರುತ್ತದೆ. ಮೊದಲ ವಾರ ಮೈಕೈ ನೋವು ಸಹಜ. ಆದರೆ ವಿಪರೀತ ಮಾಡಿದ ಒಂದೆರಡು ದಿನಕ್ಕೆ ತೊಡೆ ಊದಿಕೊಂಡು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುತ್ತಿರುವ ಲಕ್ಷಣ, ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. ಹೊಸಬರಿಗೆ ಮೊದಲ ದಿನವೇ ಇನ್ನೂರು ಬಸ್ಕಿ ಹೊಡೆಸಿ ‘ನೋವಿಲ್ಲದೆ ಲಾಭವಿಲ್ಲ’ ಎಂದ ಟ್ರೇನರ್ ಒಬ್ಬರಿಂದ ಇಂಥ ಹುಡುಗನೊಬ್ಬ ನಮ್ಮಲ್ಲಿಗೆ ಬಂದಿದ್ದ. ಇನ್ನು ಮಂಡಿಯಲ್ಲಿ ಊತ, ಕಾಲಿಗೆ ಇಳಿಯುವ ಬೆನ್ನುನೋವು ಮೊದಲೇ ಇದ್ದರೆ ಜಿಮ್‌ಗಿಂತ ಮುಂಚೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ.

ತುಂಗೆಯ ದಡ · ಜನವರಿ 13

ನಾನು ಶಿವಮೊಗ್ಗದ ಗೃಹಿಣಿ. ಟ್ರೇನರ್‌ಗೆ ಒಂದು ರೂಪಾಯಿಯನ್ನೂ ಕೊಡದೆ ಮೂರು ವರ್ಷದಿಂದ ಮಾಡುತ್ತಿದ್ದೇನೆ. ಎರಡು ಜೊತೆ ಡಂಬೆಲ್, ಒಂದು ಚಾಪೆ, ಯೂಟ್ಯೂಬ್. ನಾಲ್ಕು ಸಾವಿರದೊಳಗೆ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದು ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಇದಕ್ಕೆ ಹವಾನಿಯಂತ್ರಿತ ಕೋಣೆ ಬೇಕಿಲ್ಲ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಮ್ಮಂತೆಯೇ ಹೊಸ್ತಿಲಲ್ಲಿದ್ದವರಿಗೆ ನಡಿಗೆ ಮತ್ತು ಊಟದ ಸಲಹೆ ಕೊಟ್ಟರು. ಸಕ್ಕರೆ ಕಾಯಿಲೆಗೆ ಜಾರುವ ಸಾಧ್ಯತೆ ಶೇ 28.5ರಷ್ಟು ತಗ್ಗಿತು. ಅವರನ್ನು ಯಾರೂ ಜಿಮ್‌ಗೆ ಕಳಿಸಿರಲಿಲ್ಲ.

ಆದರೆ ನಡೆದದ್ದನ್ನು ಮುಚ್ಚಿಡುವುದಿಲ್ಲ. ಮೊದಲ ವರ್ಷ ನನ್ನ ಬಲ ಭುಜ ಹಿಡಿದುಕೊಂಡಿತು. ನಾಲ್ಕು ತಿಂಗಳು ಜಡೆ ಹೆಣೆಯಲು ಕೈ ಮೇಲೆತ್ತಲಾಗಲಿಲ್ಲ. ಡಂಬೆಲನ್ನು ತಪ್ಪಾದ ಕೋನದಲ್ಲಿ ಎತ್ತುತ್ತಿದ್ದೆ, ಆ ತಪ್ಪನ್ನು ವಿಡಿಯೋದಲ್ಲಿರುವವರು ಹೇಗೆ ನೋಡಿಯಾರು? ಆ ನೋವಿಗೆ ಖರ್ಚಾದದ್ದು ಹತ್ತು ಸೆಷನ್ನಿನ ಹಣಕ್ಕಿಂತ ಹೆಚ್ಚು. ಈಗ ಕೇಳಿದರೆ, ಮೊದಲ ಕೆಲವು ವಾರ ಯಾರಿಗಾದರೂ ಕೊಡುತ್ತಿದ್ದೆ ಎನ್ನುತ್ತೇನೆ.

ಟ್ರೇನರ್ ಪುಡಿಯ ಡಬ್ಬಿ ಕೊಳ್ಳಿ ಎಂದರೆ ನಿಧಾನಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ಇದ್ದರೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇನ್ನಷ್ಟು ಬೇಕಾಗಬಹುದು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಮೊಳಕೆ ಹುರುಳಿಯ ಸಾರು, ಹೆಸರುಕಾಳಿನ ಉಸಲಿ, ಮೊಸರು ಇವು ನಮ್ಮ ಅಡುಗೆಮನೆಯಲ್ಲೇ ಇವೆ.

ಗರಡಿಯ ಹಳಬ · ಜನವರಿ 14

ತಾಯಿ, ನಾನೂ ಮೈಸೂರಿನವನೇ, ವಯಸ್ಸು 71. ಹದಿನಾಲ್ಕನೇ ವಯಸ್ಸಿಗೆ ಗರಡಿ ಮನೆಗೆ ಸೇರಿದೆ. ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ಉಸ್ತಾದರಿಗೆ ನಮಸ್ಕರಿಸಿದ್ದು ಬಿಟ್ಟರೆ ಫೀಸು ಎನ್ನುವುದೇ ಇರಲಿಲ್ಲ. ಆದರೆ ಪುಕ್ಕಟೆಯೂ ಆಗಿರಲಿಲ್ಲ. ಕೆಮ್ಮಣ್ಣಿನ ಮಟ್ಟಿಯನ್ನು ಅಗೆದು ಹದ ಮಾಡುವುದು, ಗರಡಿ ಗುಡಿಸುವುದು ನಮ್ಮ ಪಾಲು. ಉಸ್ತಾದರು ಮೊದಲ ತಿಂಗಳು ನನಗೆ ಕುಸ್ತಿಯ ಒಂದು ಪಟ್ಟನ್ನೂ ತೋರಿಸಲಿಲ್ಲ. ಮೂಲೆಯಲ್ಲಿ ಕುಳಿತು ನಾನು ದಂಡ, ಬಸ್ಕಿ ಹೊಡೆಯುವುದನ್ನು ನೋಡುತ್ತಿದ್ದರು. ಒಂದು ದಿನ ಕರೆದು, ‘ನಿನ್ನ ಎಡಗಾಲು ಬಲಗಾಲಿಗೆ ಕೆಲಸ ದಾಟಿಸುತ್ತಿದೆ’ ಎಂದರು. ಚಿಕ್ಕವನಾಗಿದ್ದಾಗ ಮರದಿಂದ ಬಿದ್ದು ಎಡಗಾಲು ಮುರಿದಿತ್ತು. ನಾನು ಯಾರಿಗೂ ಹೇಳಿರಲಿಲ್ಲ.

ಅಂಥ ಕಣ್ಣಿನವರು ನಿನ್ನ ಜಿಮ್ಮಿನಲ್ಲಿ ಒಬ್ಬರಿದ್ದರೂ ಕೊಡು ಮಗಳೇ. ಇಲ್ಲದಿದ್ದರೆ ಆ ಹಣವನ್ನು ಮೊಮ್ಮಗಳ ಓದಿಗೆ ಇಡು.

ರಾತ್ರಿ ಪಾಳಿ · ಜನವರಿ 14

ಗರಡಿಯ ಹಿರಿಯರ ಮಾತು ಓದಿ ಸುಮ್ಮನೆ ಕುಳಿತೆ. ನನ್ನ ಟ್ರೇನರ್ ಸಮಯಕ್ಕೆ ಬರುತ್ತಾರೆ, ಎಣಿಸುತ್ತಾರೆ, ಪ್ರೀತಿಯಿಂದ ಮಾತನಾಡುತ್ತಾರೆ. ನನ್ನ ಯಾವ ಕಾಲು ಕೆಲಸ ತಪ್ಪಿಸುತ್ತಿದೆ ಎಂದು ಒಮ್ಮೆಯೂ ಹೇಳಿಲ್ಲ. ಆದರೂ ನಾನು ಬಿಡುವುದಿಲ್ಲ, ನನಗೆ ಜೊತೆ ಬೇಕು. ಟೀಚರ್ ಮೇಡಂಗೆ ಬೇಕಿರುವುದು ಕಲಿಕೆ. ಎರಡಕ್ಕೂ ಒಂದೇ ಬೆಲೆ ಕಟ್ಟಲಾಗದು ಎಂದು ಈಗ ಅನಿಸುತ್ತಿದೆ.

ಕುವೆಂಪುನಗರದ ಟೀಚರ್ · ಏಪ್ರಿಲ್ 26

ಮೂರು ತಿಂಗಳ ನಂತರ ಬಂದೆ. ನೀವೆಲ್ಲ ಸಮಯ ಕೊಟ್ಟು ಬರೆದಿದ್ದೀರಿ, ಏನಾಯಿತೆಂದು ಹೇಳುವುದು ನನ್ನ ಕರ್ತವ್ಯ.

ಮೊದಲು ಡಾಕ್ಟರ ಬಳಿ ಹೋಗಿ ಇಸಿಜಿ ಮಾಡಿಸಿ ಒಪ್ಪಿಗೆ ಪಡೆದೆ. ಜಿಮ್‌ನಲ್ಲಿ ಒಂದು ತಿಂಗಳ ಹಣ ಮಾತ್ರ ಕಟ್ಟಿ, ಒಂದು ವಾರ ಟ್ರೆಡ್‌ಮಿಲ್ ಮೇಲಿಂದ ಎಲ್ಲವನ್ನೂ ನೋಡಿದೆ. ಪೋಸ್ಟರಿನಲ್ಲಿ ಫೋಟೋ ಇದ್ದ ಹಿರಿಯ ಟ್ರೇನರ್ ನಿಜವಾಗಿಯೂ ಮೊಬೈಲ್ ನೋಡುತ್ತಲೇ ಎಣಿಸುತ್ತಿದ್ದರು. ಬೆಳಗಿನ ಪಾಳಿಯಲ್ಲಿ ಇಪ್ಪತ್ತಾರು ವರ್ಷದ ಹುಡುಗಿಯೊಬ್ಬಳಿದ್ದಳು. ಒಬ್ಬ ಅಜ್ಜಿ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡುವಾಗ ಈ ಹುಡುಗಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಅಜ್ಜಿಯ ಪಾದಗಳನ್ನೇ ನೋಡುತ್ತಿದ್ದಳು. ಅಲ್ಲಿಗೆ ನನ್ನ ತೀರ್ಮಾನವಾಯಿತು.

36 ಸೆಷನ್ ಬೇಡ, ಹತ್ತು ಸಾಕು ಎಂದೆ. ಅಂಥ ಪ್ಯಾಕೇಜ್ ಇಲ್ಲ ಎಂದರು. ಸರಿ ಎಂದು ಎದ್ದು ಬಂದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಹತ್ತು ಸಾವಿರ, ಶೇ 5ರ ಜಿಎಸ್‌ಟಿ ಸೇರಿ 10,500, ಸರಿಯಾದ ಬಿಲ್ಲಿನೊಂದಿಗೆ. ಲೆಕ್ಕದವರಿಗೆ ವಂದನೆ. ವಾರಕ್ಕೆ ಎರಡು ದಿನ, ಐದು ವಾರ. ಮೊದಲ ದಿನವೇ ಆಕೆಗೆ ಹೇಳಿದೆ: ‘ಐದು ವಾರವಾದ ಮೇಲೆ ನಾನು ಒಬ್ಬಳೇ ಮಾಡಬೇಕು. ಹಾಗೆ ಕಲಿಸಮ್ಮ.’ ಅವಳು ಆರೇ ಆರು ವ್ಯಾಯಾಮ ಆರಿಸಿದಳು. ನನ್ನ ಹಿಮ್ಮಡಿ ಏಳುತ್ತಿದ್ದುದನ್ನು ಕಂಡು ಎರಡು ಚಿಕ್ಕ ಪ್ಲೇಟುಗಳನ್ನು ಹಿಮ್ಮಡಿಯ ಕೆಳಗಿಟ್ಟಳು, ಮೂರನೆಯ ವಾರ ಅವನ್ನು ತೆಗೆದಳು. ಒಂಬತ್ತನೆಯ ಸೆಷನ್‌ನಲ್ಲಿ ನಾನೇ ಎಲ್ಲವನ್ನೂ ನಡೆಸಿದೆ. ಅವಳು ದೂರದಲ್ಲಿ ನಿಂತು ನೋಡಿದಳು, ಎರಡು ಕಡೆ ಮಾತ್ರ ಮಾತನಾಡಿದಳು. ಈಗ ತಿಂಗಳಿಗೊಂದು ಸೆಷನ್ ಮಾತ್ರ ತೆಗೆದುಕೊಳ್ಳುತ್ತೇನೆ, ತಪ್ಪು ನುಸುಳಿದೆಯೇ ಎಂದು ನೋಡಿಸಲು.

ಹೋದ ವಾರ ಎಚ್‌ಬಿಎ1ಸಿ 5.9 ಬಂದಿದೆ. ರಾತ್ರಿಯ ಅನ್ನ ಬಿಟ್ಟು ಮುದ್ದೆ, ಹುರುಳಿ ಸಾರಿಗೆ ಬಂದಿದ್ದೇನೆ, ಆದ್ದರಿಂದ ಯಾವುದಕ್ಕೆ ಎಷ್ಟು ಶ್ರೇಯ ಎಂದು ಹೇಳಲಾಗದು ಎಂದರು ಡಾಕ್ಟರು. ಅಮ್ಮನಿಗೆ ಫೋನ್ ಮಾಡಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ‘ಚಪ್ಪಲಿ ಇಲ್ಲದೆ ಅಂಗಳಕ್ಕೆ ಇಳಿಯಬೇಡ’ ಎಂದರು.

ತುಂಗೆಯ ದಡ · ಏಪ್ರಿಲ್ 26

ತುಂಬಾ ಸಂತೋಷವಾಯಿತು ಅಕ್ಕ. ಆ ಆರು ಯಾವುವು, ಎಷ್ಟು ತೂಕ ಎಂದು ಬರೆಯುತ್ತೀರಾ?

ಕುವೆಂಪುನಗರದ ಟೀಚರ್ · ಏಪ್ರಿಲ್ 27

ನೋಟ್‌ಪುಸ್ತಕದ ಶನಿವಾರದ ಪುಟ ಹೀಗಿದೆ. ಡಂಬೆಲ್ ಹಿಡಿದು ಸ್ಕ್ವಾಟ್, 10 ಕೆ.ಜಿ., ಹತ್ತರಂತೆ ಮೂರು ಸುತ್ತು. ಡೆಡ್‌ಲಿಫ್ಟ್ 20 ಕೆ.ಜಿ., ಎಂಟರಂತೆ ಮೂರು. ಜನವರಿಯಲ್ಲಿ ಇದು ಬರೀ ಕೋಲು. ತಲೆಯ ಮೇಲಿನ ಸಲಾಕೆಯನ್ನು ಎದೆಯತ್ತ ಎಳೆಯುವ ಲ್ಯಾಟ್ ಪುಲ್‌ಡೌನ್ 20 ಕೆ.ಜಿ. ಬಗ್ಗಿ ಡಂಬೆಲನ್ನು ಪಕ್ಕೆಯತ್ತ ಎಳೆಯುವ ಒಂದು ಕೈಯ ರೋ 7.5 ಕೆ.ಜಿ. ಬೆಂಚಿಗೆ ಕೈಯೂರಿ ಪುಷ್‌ಅಪ್ ಒಂಬತ್ತು, ಹತ್ತನೆಯದು ಬರಲಿಲ್ಲ. ಮುಂಗೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವ ಪ್ಲ್ಯಾಂಕ್ 40 ಸೆಕೆಂಡ್. ಇದು ನನ್ನ ಮೈಗೆ ಅಳೆದದ್ದು, ನಿಮ್ಮ ಭುಜಕ್ಕೆ ರೋ ಹೊಂದುತ್ತದೆಯೇ ಎಂದು ತೋರಿಸಿಕೊಂಡು ಮಾಡಿ.

ಸರಸ್ವತಿಪುರಂ · ಏಪ್ರಿಲ್ 27

ಮೇಡಂ, ನನ್ನ ತಾಯಿಗೆ 68. ಎರಡು ಬಾರಿ ಬಚ್ಚಲಿನಲ್ಲಿ ಜಾರಿದ್ದಾರೆ. ಆ ಹುಡುಗಿ ಇವರನ್ನೂ ನೋಡುತ್ತಾಳೆಯೇ? ಅಮ್ಮ ಸೀರೆಯಲ್ಲೇ ಬರುತ್ತೇನೆ ಎನ್ನುತ್ತಾರೆ.

ಕುವೆಂಪುನಗರದ ಟೀಚರ್ · ಏಪ್ರಿಲ್ 28

ಕೇಳಿದೆ. ಸೀರೆಯಲ್ಲೇ ಬರಲಿ, ಕುರ್ಚಿಯಿಂದ ಏಳುವುದನ್ನು ಮೊದಲು ನೋಡುತ್ತೇನೆ ಎಂದಳು. ಮಾತ್ರೆಗಳ ಚೀಟಿ ಮತ್ತು ದಿನವೂ ಹಾಕಿಕೊಳ್ಳುವ ಚಪ್ಪಲಿ ತರಬೇಕಂತೆ. ಬುಧವಾರ ಬೆಳಿಗ್ಗೆ ಹತ್ತೂವರೆಗೆ ಜಿಮ್ ಖಾಲಿ ಇರುತ್ತದೆ. ರಜೆ ಇದೆ, ನಾನೂ ಬರುತ್ತೇನೆ.